ನಿಕಲ್–ಹೈಡ್ರೋಜನ್ ಪ್ರಯೋಗ: 350 ಡಿಗ್ರಿ ದಾಟಿದ ಮೇಲೆ ಕಾಣುವ ‘ಹೆಚ್ಚುವರಿ ಶಾಖ’ ಎಲ್ಲಿಂದ?

ಪ್ರಶ್ನೆ (ಕುಲುಮೆಕಾರ)

ಮಾನ್ಯರೇ, ಹೈಡ್ರೋಜನ್ ತುಂಬಿದ ನಿಕಲ್ ಅನ್ನು ಕಾಯಿಸಿದಾಗ, ಕೊಟ್ಟ ವಿದ್ಯುತ್ತಿಗಿಂತ ಹೆಚ್ಚು ಶಾಖ ಬಂದಿತೆಂದು ಇಟಲಿಯ ಫೊಕಾರ್ಡಿ, ಹಬೆಲ್ ಮತ್ತು ಪಿಯಾಂತೆಲ್ಲಿ 1994ರಲ್ಲಿ ವರದಿ ಮಾಡಿದ್ದನ್ನು ಓದಿ, ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಸಮ್ಮುಖದಲ್ಲೇ ಒಂದು ಸಣ್ಣ ಕುಲುಮೆಯನ್ನು ಕಟ್ಟಿದ್ದೇನೆ. ಅಲ್ಯೂಮಿನಾ ಕೊಳವೆಯ ಹೊರಮೈಗೆ ಹೀಟರ್ ತಂತಿ ಸುತ್ತಿದೆ. ಒಳಗೆ ನಿಕಲ್ ಪುಡಿ, ಅದರ ನಡುವೆ ಕೆ ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ ಲೋಹದ ತಂತಿಜೋಡಿ) ಇದೆ. ಮೊದಲು ಆರ್ಗಾನ್ ಮತ್ತು ಅಲ್ಯೂಮಿನಾ ಪುಡಿಯಿಂದ ಕ್ಯಾಲಿಬ್ರೇಷನ್ ಮಾಡಿದಾಗ 120 ವ್ಯಾಟ್‌ಗೆ 612 ಡಿಗ್ರಿ ಸೆಲ್ಸಿಯಸ್ ಬಂದಿತು. ನಿಕಲ್ ಮತ್ತು ಹೈಡ್ರೋಜನ್ ಇದ್ದಾಗ ಅಷ್ಟೇ ವಿದ್ಯುತ್ತಿಗೆ 631 ಡಿಗ್ರಿ ತೋರಿಸುತ್ತಿದೆ. ಸುಮಾರು 350 ಡಿಗ್ರಿಯವರೆಗೆ ಎರಡೂ ರೇಖೆಗಳು ಒಂದರ ಮೇಲೊಂದು ಕೂರುತ್ತವೆ, ಅಲ್ಲಿಂದಾಚೆಗೆ ಅಗಲುತ್ತಾ ಹೋಗುತ್ತವೆ. ನಿಕಲ್ ತನ್ನ ಪ್ರಬಲ ಕಾಂತಗುಣ ಕಳೆದುಕೊಳ್ಳುವ ಕ್ಯೂರಿ ತಾಪಮಾನವೂ 358 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಇದು ಕಾಕತಾಳೀಯವೇ ಎಂಬ ಅನುಮಾನ ಬಿಡುತ್ತಿಲ್ಲ.

ಉತ್ತರ (ಉಷ್ಣಮಾಪಿ)

ಮೊದಲು ಒಂದು ಮಾತು. ಹೆಚ್ಚುವರಿ ಶಾಖಕ್ಕೆ ಸಮ್ಮಿಲನ, ಅಂದರೆ ಪರಮಾಣು ಬೀಜಗಳು ಒಂದಾಗುವುದು, ಕಾರಣವೆಂಬ ವಾದವಿದೆ; ಆದರೆ ತಾಪಮಾನ ಏರಿಸಿ ಅದನ್ನು ಕೆರಳಿಸುವುದು ಈ ವ್ಯಾಪ್ತಿಯಲ್ಲಿ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೋಣೆಯ ತಾಪಮಾನದಲ್ಲಿ ಕಣವೊಂದರ ಉಷ್ಣಶಕ್ತಿ ಸುಮಾರು 0.026 ಎಲೆಕ್ಟ್ರಾನ್ ವೋಲ್ಟ್. 1200 ಡಿಗ್ರಿಗೆ ಕಾಯಿಸಿದರೂ ಅದು 0.13ರ ಸಮೀಪಕ್ಕೆ ಬರುತ್ತದೆ, ಅಷ್ಟೇ. ಪ್ರೋಟಾನ್ (ಹೈಡ್ರೋಜನ್‌ನ ಬೀಜ) ಮತ್ತು ನಿಕಲ್ ಬೀಜದ ನಡುವಿನ ವಿದ್ಯುತ್ ವಿಕರ್ಷಣೆಯ ಗೋಡೆಯಾದರೋ ಹಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಎತ್ತರದ್ದು. ಹರಳಿನ ಜಾಲವೇ ಬೇರೇನೋ ಮಾಡುತ್ತದೆಂದು ವಾದಿಸುವವರು ಇದ್ದಾರೆ. ಆ ವಾದ ಅಳತೆಯಲ್ಲಿ ಗೆಲ್ಲಬೇಕು. ಗೂಗಲ್ ಹಣ ಒದಗಿಸಿದ ತಂಡವೊಂದು ವರ್ಷಗಳ ಕಾಲ ಬಿಸಿ ನಿಕಲ್–ಹೈಡ್ರೋಜನ್ ಮಾದರಿಗಳನ್ನೂ ಪರೀಕ್ಷಿಸಿ, 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೆಚ್ಚುವರಿ ಶಾಖ ಕಾಣಲಿಲ್ಲವೆಂದೇ ಬರೆಯಿತು.

ತಮ್ಮ 19 ಡಿಗ್ರಿಗೆ ನನ್ನ ಮೊದಲ ಶಂಕೆ ಅನಿಲದ ಮೇಲೆ. ಹೈಡ್ರೋಜನ್ ಆರ್ಗಾನ್‌ಗಿಂತ ಸುಮಾರು ಹತ್ತು ಪಟ್ಟು ಉತ್ತಮ ಉಷ್ಣವಾಹಕ. ಥರ್ಮೋಕಪಲ್‌ನ ಕವಚ ತಣ್ಣಗಿನ ತುದಿಯಿಂದ ಒಳಗೆ ಬರುವುದರಿಂದ, ಅದರ ಮೂಲಕ ಶಾಖ ಹೊರಕ್ಕೆ ಸೋರಿ, ಮೊನೆ ಯಾವಾಗಲೂ ಪುಡಿಗಿಂತ ಸ್ವಲ್ಪ ತಣ್ಣಗೇ ಇರುತ್ತದೆ. ಆರ್ಗಾನ್‌ನಲ್ಲಿ ಈ ಕೊರತೆ ಹೆಚ್ಚು, ಹೈಡ್ರೋಜನ್‌ನಲ್ಲಿ ಕಡಿಮೆ. ಹಾಗಾಗಿ ಕುಲುಮೆ ಬದಲಾಗದಿದ್ದರೂ ಓದು ಮೇಲೇರುತ್ತದೆ. ಪುಡಿಯನ್ನೂ ಅನಿಲವನ್ನೂ ಒಟ್ಟಿಗೇ ಬದಲಿಸಿದ್ದರಿಂದ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೂ ಮುಚ್ಚಿಹೋಗಿದೆ. ಹೈಡ್ರೋಜನ್‌ಗೆ ಬಹುಪಾಲು ಸಮನಾದ ಉಷ್ಣವಾಹಕತೆಯುಳ್ಳ ಹೀಲಿಯಂ ಹಾಕಿ, ಅದೇ ನಿಕಲ್ ಪುಡಿಯ ಮೇಲೆ ಮತ್ತೊಮ್ಮೆ ಓಡಿಸಿ ನೋಡಿ.

ಇನ್ನು 350 ಡಿಗ್ರಿ. ಈ ವಲಯದಲ್ಲೇ ನಿಕಲ್ ಪುಡಿಯ ಮೇಲಿನ ಆಕ್ಸೈಡ್ ಪದರವನ್ನು ಹೈಡ್ರೋಜನ್ ಕಿತ್ತು ನೀರಾಗಿಸುತ್ತದೆ. ಬರಿಮೈಯಾದ ಕಣಗಳು ಇನ್ನೂ ಕಾದಂತೆ ಒಂದಕ್ಕೊಂದು ಬೆಸೆಯುತ್ತವೆ. ಬೆಸೆದ ಪುಡಿ ಮೊನೆಗೆ ಶಾಖವನ್ನು ಇನ್ನೂ ಚೆನ್ನಾಗಿ ಮುಟ್ಟಿಸುವುದರಿಂದ, ರೇಖೆಗಳು ಅಲ್ಲಿಂದಾಚೆಗೆ ಅಗಲಿರಬಹುದು. ಕೊಳವೆ ಬಿಚ್ಚಿದಾಗ ತಣ್ಣಗಿನ ತುದಿಯಲ್ಲಿ ನೀರಿನ ಹನಿ ಕಂಡಿತೇ, ಪುಡಿ ಸಡಿಲವಾಗಿ ಉದುರಿತೇ ಎಂಬುದನ್ನು ತಿಳಿಸಿ. ಬಿಚ್ಚುವ ಮುನ್ನ ಪೂರ್ತಿ ತಣಿಸಿ, ಆರ್ಗಾನ್ ಹರಿಸಿ ಹೈಡ್ರೋಜನ್ ಹೊರಹಾಕುವುದನ್ನು ಮರೆಯಬೇಡಿ, ಗಾಳಿಯಲ್ಲಿ ಶೇ. 4 ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು.

ಮರುಪ್ರಶ್ನೆ (ಕುಲುಮೆಕಾರ)

ತಾವು ಹೇಳಿದಂತೆಯೇ ಇತ್ತು. ತುದಿಯ ಗಾಜಿನ ಮೇಲೆ ಮೂರ್ನಾಲ್ಕು ಹನಿಗಳಿದ್ದವು. ಪುಡಿ ಉದುರದೆ ಬೂದುಬಣ್ಣದ ಕಡ್ಡಿಯಂತೆ ಇಡಿಯಾಗಿ ಜಾರಿ ಹೊರಬಂದಿತು, ಅದರ ನಡುವೆ ಥರ್ಮೋಕಪಲ್ ಕೂತಿದ್ದ ಜಾಗದ ಅಚ್ಚೂ ಮೂಡಿತ್ತು. ಅದೇ ಕಡ್ಡಿಯನ್ನು ಹೀಲಿಯಂನಲ್ಲಿ ಕಾಯಿಸಿದಾಗ 627 ಡಿಗ್ರಿ ಬಂದಿದೆ. ಆದರೆ ಉಳಿದ 4 ಡಿಗ್ರಿ?

ಉತ್ತರ (ಉಷ್ಣಮಾಪಿ)

ಹೀಲಿಯಂ ಹೈಡ್ರೋಜನ್‌ಗಿಂತ ಸ್ವಲ್ಪ ಮಂದ ವಾಹಕವಾದ್ದರಿಂದ ಅಷ್ಟಿಷ್ಟು ವ್ಯತ್ಯಾಸ ನಿರೀಕ್ಷಿತವೇ. ಜೊತೆಗೆ ಕೆ ಟೈಪ್ ತಂತಿಯನ್ನು 300ರಿಂದ 550 ಡಿಗ್ರಿಯ ನಡುವೆ ಹೊತ್ತುಗಟ್ಟಲೆ ಇಟ್ಟರೆ ಅದರ ಓದೇ ಕೆಲವು ಡಿಗ್ರಿ ಜರುಗುತ್ತದೆ. ಈ ಕೆಲಸಕ್ಕೆ ಎನ್ ಟೈಪ್ ವಾಸಿ. ಇನ್‌ಫ್ರಾರೆಡ್ ಕ್ಯಾಮೆರಾದತ್ತ ಮಾತ್ರ ಹೋಗಬೇಡಿ. ಆಂಡ್ರಿಯಾ ರೊಸ್ಸಿಯ ‘ಇ-ಕ್ಯಾಟ್’ ಎಂಬ ನಿಕಲ್–ಹೈಡ್ರೋಜನ್ ಸಾಧನದ ಮೇಲೆ 2014ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ನಡೆದ ಪರೀಕ್ಷೆಯಲ್ಲಿ ಅಲ್ಯೂಮಿನಾ ಮೇಲ್ಮೈಯ ಉತ್ಸರ್ಜಕತೆಯನ್ನು (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆಂಬುದರ ಅಳತೆ) ತಪ್ಪಾಗಿ ಹಿಡಿದದ್ದರಿಂದಲೇ ತಾಪಮಾನ ಅತಿಯಾಗಿ ಕಂಡಿತೆಂದು ವಿಮರ್ಶಕರು ತೋರಿಸಿದರು. ವಿಕಿರಣದ ಲೆಕ್ಕದಲ್ಲಿ ತಾಪಮಾನ ನಾಲ್ಕನೇ ಘಾತಕ್ಕೇರುವುದರಿಂದ, ಅಲ್ಲಿ ಸಣ್ಣ ತಪ್ಪೂ ದೊಡ್ಡ ‘ಶಾಖ’ವಾಗಿ ಹೊರಬರುತ್ತದೆ.

ನನ್ನ ಸಲಹೆ ಇಷ್ಟು: ಕುಲುಮೆಯ ಸುತ್ತ ನೀರಿನ ಜಾಕೆಟ್ ಕೂರಿಸಿ, ಒಳಬರುವ ಮತ್ತು ಹೊರಹೋಗುವ ನೀರಿನ ತಾಪಮಾನವನ್ನೂ ಹರಿವನ್ನೂ ಅಳೆಯಿರಿ. ನಿಮಿಷಕ್ಕೆ 200 ಮಿಲಿಲೀಟರ್ ನೀರು ಹರಿದರೆ 120 ವ್ಯಾಟ್‌ಗೆ ಸುಮಾರು 8.6 ಡಿಗ್ರಿ ಏರಿಕೆ ಬರಬೇಕು. ಒಳಗಿನ ಮೊನೆ ಏನೇ ಹೇಳಿದರೂ ಆ ಲೆಕ್ಕ ಬದಲಾಗುವುದಿಲ್ಲ. ಹೈಡ್ರೋಜನ್, ಹೀಲಿಯಂ ಎರಡರಲ್ಲೂ ಓಡಿಸಿ, ಬಂದ ಅಂಕಿಗಳನ್ನು ಇಲ್ಲೇ ಹಾಕಿ.