ರೀಪಾಟಿಂಗ್‌ಗೆ ಕನ್ನಡ ಪದ ಬೇಕು (ನಾಳೆ ಅಚ್ಚಿಗೆ)

ಬೆಂಗಳೂರಿನಿಂದ:
ನಮಸ್ಕಾರ. ನರ್ಸರಿಯೊಂದಕ್ಕೆ ಮಾನ್‌ಸ್ಟೆರಾ ಎಂಬ ಅಲಂಕಾರ ಗಿಡದ ಆರೈಕೆ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ರೀಪಾಟಿಂಗ್'ಗೆ (ಗಿಡವನ್ನು ಬೇರೆ ಕುಂಡಕ್ಕೆ ಸಾಗಿಸುವುದು) 'ಮರುಕುಂಡೀಕರಣ', 'ರೂಟ್‌ಬೌಂಡ್'ಗೆ (ಕುಂಡದ ತುಂಬ ಬೇರು ಸುತ್ತಿಕೊಂಡಿರುವುದು) 'ಬೇರುಗಂಟು' ಎಂದು ಹಾಕಿದ್ದೇನೆ. ನಡೆಯುತ್ತದೆಯೇ? ನಾಳೆ ಮಧ್ಯಾಹ್ನದೊಳಗೆ ಬೇಕು. ತಲೆಬರಹಕ್ಕೆ ಒಂದೆರಡು ಪದದಷ್ಟೇ ಜಾಗ.

ಧಾರವಾಡದಿಂದ:
ಮರುಕುಂಡೀಕರಣ ಬ್ಯಾಡ್ರಿ. ಒಮ್ಮೆ ಜೋರಾಗಿ ಓದಿ ನೋಡ್ರಿ, ನಡುವ ಏನು ಕೇಳಸ್ತದ ಅಂತ.

ಪುತ್ತೂರಿನಿಂದ:
'ಕರಣ' ಹೋಗಲಿ, 'ಕುಂಡ'ವೇ ಸಂಸ್ಕೃತ. ನಮ್ಮ ಕಡೆ ಹೂವಿನ ಗಿಡ ಇರುವುದು ಚಟ್ಟಿಯಲ್ಲಿ. ತಮಿಳು, ಮಲಯಾಳ, ತುಳು ಎಲ್ಲದರಲ್ಲೂ ಇರುವ ಪದ. ಮಾರ್ದನಿ, ಮಾರ್ನುಡಿಗಳ ಹಾಗೆ 'ಮಾರ್ಚಟ್ಟಿ' ಎಂದರೆ ಮುಗಿಯಿತು.

ಶಿರಸಿಯಿಂದ:
'ಬೇರುಗಂಟು' ಖಂಡಿತ ಬೇಡ. ಟೊಮೆಟೊ, ಕಾಳುಮೆಣಸು ಬೆಳೆಯುವವರಿಗೆ ಅದು ಜಂತುಹುಳು ತರುವ ರೋಗ. ಚೀಟಿ ಓದಿದವರು ಔಷಧಿ ಕೇಳಿಕೊಂಡು ಬರುತ್ತಾರೆ. ಇಲ್ಲಿ ರೋಗವೇನಿಲ್ಲ, ಬೇರಿಗೆ ಜಾಗವಿಲ್ಲ ಅಷ್ಟೆ. 'ಬೇರು ಸುತ್ತಿಕೊಂಡಿದ್ದರೆ' ಎಂದು ಬರೆದು ಗುರುತು ಹೇಳಿ: ತಳದ ತೂತಿನಲ್ಲಿ ಬೇರು ಇಣುಕುತ್ತದೆ, ಹಾಕಿದ ನೀರು ಒಳಗೆ ಹೀರದೆ ಅಂಚಿನಿಂದಲೇ ಇಳಿದುಹೋಗುತ್ತದೆ.

'ಕುಂಡ ಬದಲಿಸುವುದು' ಎಂದರೂ ತೊಂದರೆಯೇ. ಜನ ಅಷ್ಟನ್ನೇ ಮಾಡುತ್ತಾರೆ: ಬೇರಿನ ಮುದ್ದೆಯನ್ನು ಹಾಗೇ ಎತ್ತಿ ಇಮ್ಮಡಿ ದೊಡ್ಡ ಕುಂಡದಲ್ಲಿ ಕೂರಿಸುತ್ತಾರೆ. ಸುತ್ತಲಿನ ಮಣ್ಣಿಗೆ ಬೇರು ಇನ್ನೂ ತಲುಪಿರುವುದಿಲ್ಲ. ಅದು ವಾರಗಟ್ಟಲೆ ಒಣಗದೆ ಬೇರು ಕೊಳೆಯುತ್ತದೆ, ಎಲೆ ಹಳದಿಗೆ ತಿರುಗುತ್ತದೆ. ಬಾಯಿಯ ಅಗಲ 2 ಇಂಚು ಹೆಚ್ಚಿದ್ದರೆ ಸಾಕು.

ನನ್ನ ಸಲಹೆ 'ಮರುನಾಟಿ'. ಕೀಳುವುದು, ಬಿಡಿಸುವುದು, ನೆಡುವುದು ಮೂರೂ ಅದರಲ್ಲಿ ಬಂತು. ಒಳಗಿನ ಪಠ್ಯ ಹೀಗಿರಲಿ:

"ಹಿಂದಿನ ದಿನ ನೀರು ಹಾಕಿ. ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ತಟ್ಟಿ, ಬುಡ ಹಿಡಿದು ಗಿಡವನ್ನು ಜಾರಿಸಿ, ಜಗ್ಗಬೇಡಿ. ಸುತ್ತಿದ ಬೇರನ್ನು ಬೆರಳಿನಿಂದ ಬಿಡಿಸಿ, ಕಪ್ಪಾಗಿ ಮೆತ್ತಗಾದದ್ದನ್ನು ಕತ್ತರಿಸಿ. ಕೊಕೊಪೀಟ್ 2 ಪಾಲು, ಪರ್ಲೈಟ್, ತೊಗಟೆ ಚೂರು, ಎರೆಗೊಬ್ಬರ ಒಂದೊಂದು ಪಾಲು ಬೆರೆಸಿ. ಕಾಂಡ ಮೊದಲು ಎಷ್ಟು ಹೂತಿತ್ತೋ ಅಷ್ಟೇ ಹೂಳಿ. ಮೇಲೆ 1 ಇಂಚು ಖಾಲಿ ಇರಲಿ. ತಳದಿಂದ ಇಳಿಯುವವರೆಗೆ ನೀರು ಹಾಕಿ. ಮೇಲಿನ 2 ಇಂಚು ಒಣಗಿದ ಮೇಲೆಯೇ ಮತ್ತೆ ನೀರು. ಒಂದು ತಿಂಗಳು ಗೊಬ್ಬರ ಬೇಡ."

'ತಳಕ್ಕೆ ಜಲ್ಲಿ ಹಾಕಿ' ಎಂಬ ಸಾಲು ನಿಮ್ಮ ಮೂಲದಲ್ಲಿದ್ದರೆ ಕಿತ್ತುಹಾಕಿ. ನುಣ್ಣನೆ ಮಣ್ಣಿನಿಂದ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಒದ್ದೆ ಪದರ ಬೇರಿನ ಹತ್ತಿರಕ್ಕೇ ಏರುತ್ತದೆ. ಕೈಗವಸಿನ ಮಾತು ಬಿಡಬೇಡಿ. ಇದು ಕೆಸುವಿನ ಕುಟುಂಬ, ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳಿದೆ. ಸುವರ್ಣಗಡ್ಡೆ ಹೆಚ್ಚಿದಾಗಿನಂತೆ ಕೈ ತುರಿಸುತ್ತದೆ.

ಪುತ್ತೂರಿನಿಂದ:
ನಾಟಿ ಗದ್ದೆಯ ಮಾತು, ಜಗಲಿಯದ್ದಲ್ಲ. ಪರ್ಲೈಟ್, ಕೊಕೊಪೀಟ್ ಹಾಗೇ ಇರಬಹುದಾದರೆ ರೀಪಾಟಿಂಗ್ ಮಾಡಿದ ಪಾಪವೇನು?

ಮೈಸೂರಿನಿಂದ:
ಪರ್ಲೈಟ್ ಎಂದರೆ ಕಾಯಿಸಿ ಅರಳಿಸಿದ ಜ್ವಾಲಾಮುಖಿ ಗಾಜು. ಅದಕ್ಕೆ ಹೆಸರು ಹೊಸೆದರೆ ಅಂಗಡಿಯವನಿಗೆ ತಿಳಿಯದು, ಇರಲಿ ಬಿಡಿ. ಕೊಕೊಪೀಟ್ ಹಾಗಲ್ಲ, ಪೀಟ್ ಎನ್ನುವುದು ಜೌಗಿನಲ್ಲಿ ಅರೆಕೊಳೆತ ಸಸ್ಯರಾಶಿ, ಇಟ್ಟಿಗೆಯಂತೆ ಒತ್ತಿ ಮಾರುವ ಈ ಕೊಕೊಪೀಟ್‌ನಲ್ಲಿ ಅದರ ಚೂರೂ ಇಲ್ಲ. ತೆಂಗಿನ ನಾರಿಗೆ ಇಂಗ್ಲಿಷಿನಲ್ಲಿರುವ ಕಾಯರ್ ಎಂಬ ಪದ ಕೂಡ ಮಲಯಾಳದಿಂದ ಹೋದದ್ದು. ತೆಂಗು ಬೆಳೆಯುವ ನಾವು ಸಾಲ ತರಬೇಕೆ? 'ತೆಂಗಿನ ನಾರಿನ ಪುಡಿ' ಎನ್ನಿ. ನೆನೆಸಿ ಎರಡು ಸಲ ತೊಳೆದು ಬಳಸಿ ಎಂದೂ ಸೇರಿಸಿ. ಉಪ್ಪು ಉಳಿದರೆ ಎಲೆಯ ಅಂಚು ಸುಡುತ್ತದೆ. 'ಏರಿಯಲ್ ರೂಟ್'ಗೆ 'ವಾಯವೀಯ ಬೇರು' ಬರೆದೀರಿ ಜೋಕೆ! ಬಿಳಲು ಇದೆ. ಅದನ್ನು ಕತ್ತರಿಸದೆ ಮಣ್ಣಿಗೆ ಬಗ್ಗಿಸಬೇಕು, ಇಲ್ಲವೇ ನಾರು ಸುತ್ತಿದ ಕೋಲಿಗೆ ಕಟ್ಟಬೇಕು.

ಬೆಂಗಳೂರಿನಿಂದ:
ತಲೆಬರಹ 'ಮರುನಾಟಿ'. ಬಿಳಲು, ನಾರಿನ ಪುಡಿ ಹಾಕಿದೆ. ಜಲ್ಲಿ ಸಾಲು ಇತ್ತು, ಮಾಲೀಕರಿಗೆ ಹೇಳಿ ತೆಗೆಸಿದೆ. 'ಪುಡಿ ಇಟ್ಟಿಗೆ' ಎಂದರೆ ಗಾರೆ ಕೆಲಸದ ಹಾಗಿದೆ ಎನ್ನುತ್ತಾರೆ. ಆ ಒಂದು ಕಡೆ ಕೊಕೊಪೀಟ್ ಉಳಿಯಿತು.

ಪುತ್ತೂರಿನಿಂದ:
ಮಾರ್ಚಟ್ಟಿಗೆ ಯಾರೂ ಉತ್ತರ ಕೊಡಲಿಲ್ಲ.

ಧಾರವಾಡದಿಂದ:
ಏಪ್ರಿಲ್‌ನಾಗ ನೋಡೋಣ್ರಿ.