ಫ್ನಿದೆಕ್‌ನಿಂದ ಸೆಯುಟಾಕ್ಕೆ ನಡೆದು ದಾಟಿದವರು ಯಾರಾದರೂ ಇದ್ದೀರಾ?

ಕೇಳಿದವರು, ಬೆಂಗಳೂರು:
ಮೇ ಕೊನೆಗೆ ನಾನು, ಹೆಂಡತಿ ಮೊದಲು ಮ್ಯಾಡ್ರಿಡ್ ನೋಡಿ ಮೊರಾಕ್ಕೊಗೆ ಹಾರ್ತೀವಿ. ಶೆಫ್‌ಶಾವೆನ್, ತೆತುವಾನ್ ಮುಗಿಸಿ, ಗಡಿ ಪಕ್ಕದ ಫ್ನಿದೆಕ್‌ನಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಆಫ್ರಿಕಾದ ನೆಲದಲ್ಲೇ ಇರೋ ಸ್ಪೇನಿನ ಊರು ಸೆಯುಟಾಕ್ಕೆ ನಡೆದು ದಾಟಿ, ಅಲ್ಲಿಂದ ಸ್ಪೇನಿನ ಯುರೋಪ್ ಕಡೆಯ ಬಂದರು ಅಲ್ಜೆಸಿರಾಸ್‌ಗೆ ಹಡಗು ಹಿಡಿಯೋದು ಅಂತ ಯೋಚನೆ. ಇಬ್ಬರದೂ ಇಂಡಿಯನ್ ಪಾಸ್‌ಪೋರ್ಟ್. ಅವಳು ಸಸ್ಯಾಹಾರಿ. ಆ ಊರಲ್ಲಿ ಉಳಿಯೋದು ಸರಿನಾ?

ಮೈಸೂರಿನಿಂದ:
2023ರ ಜೂನ್ ಮೊದಲ ವಾರ ನಾವೂ ಇದೇ ದಾರೀಲಿ ಹೋಗಿದ್ದೆವು. ತೆತುವಾನ್‌ನಿಂದ ‘ಗ್ರ್ಯಾಂಡ್ ಟ್ಯಾಕ್ಸಿ’ ಸಿಗುತ್ತೆ, ಆರು ಸೀಟು ತುಂಬದೆ ಹೊರಡಲ್ಲ. ಅವಸರ ಇದ್ದರೆ ಖಾಲಿ ಸೀಟಿನ ದುಡ್ಡೂ ನೀವೇ ಕೊಟ್ಟುಬಿಡಿ. ‘ಸೆಯುಟಾ’ ಅನ್ನಬೇಡಿ, ಡ್ರೈವರ್‌ಗಳ ಬಾಯಲ್ಲಿ ಅದು ಸೆಬ್ತಾ, ಗಡಿ ‘ಬಾಬ್ ಸೆಬ್ತಾ’.

ನಾವು ಎಡವಿದ್ದು ಗಡಿಯಾರದಲ್ಲಿ. ಬೇಸಿಗೆಯಲ್ಲಿ ಸ್ಪೇನ್ ಮೊರಾಕ್ಕೊಗಿಂತ ಒಂದು ಗಂಟೆ ಮುಂದೆ. ಅದು ಗೊತ್ತಿತ್ತು, ಫೋನ್ ತಾನೇ ಬದಲಾಯಿಸಿಕೊಳ್ಳುತ್ತೆ ಅಂತ ಸುಮ್ಮನಿದ್ದೆ. ಅದು ಹೋಟೆಲ್ ರೂಮಲ್ಲೇ ಒಮ್ಮೆ ಸ್ಪೇನಿನ ಸಿಗ್ನಲ್ ಹಿಡಿದು, ಮತ್ತೆ ಮೊರಾಕ್ಕೊಗೆ ಬಂದು ರಾತ್ರಿಯೆಲ್ಲಾ ಆಟ ಆಡಿದೆ. ಬೆಳಿಗ್ಗೆ ಒಂಬತ್ತೂಕಾಲು ಅಂದುಕೊಂಡು ಆರಾಮಾಗಿ ಗಡಿ ದಾಟಿದರೆ ಆ ಕಡೆ ಹತ್ತೂಕಾಲು. ಹತ್ತೂವರೆ ಹಡಗು ಕಣ್ಣೆದುರಿಗೇ ಹೋಯ್ತು. ಹೊಸ ಟಿಕೆಟ್ ತಗೊಂಡೆವು. ಗಡಿಯಾರ ಕೈಯಾರೆ ಇಟ್ಟುಕೊಳ್ಳಿ.

ದಾಟೋದು ಕಷ್ಟ ಏನಿಲ್ಲ. ಉದ್ದಕ್ಕೂ ಬೇಲಿ ಕಟ್ಟಿದ ಓಣಿ, ಮೊರಾಕ್ಕೊ ಮುದ್ರೆ, ಮತ್ತಷ್ಟು ನಡಿಗೆ, ಆಮೇಲೆ ಸ್ಪೇನಿನವರು. ಫೋಟೊ ಮಾತ್ರ ತೆಗೀಬೇಡಿ. ಬಕ್ರೀದ್ ಆ ವಾರಾನೇ ಬೀಳುತ್ತಾ ನೋಡ್ಕೊಳ್ಳಿ, ಬಿದ್ದರೆ ಟ್ಯಾಕ್ಸಿಯೂ ಸಿಗಲ್ಲ, ಅಂಗಡಿಯೂ ತೆರೆಯಲ್ಲ.

ಧಾರವಾಡದಿಂದ:
ಊಟದ್ದು ನಾ ಹೇಳ್ತೀನ್ರಿ. ನಮ್ಮ ಮನಿಯವರ ಕೆಲಸಕ್ಕಂತ ಎರಡು ವರ್ಷ ಟ್ಯಾಂಜಿಯರ್‌ನ್ಯಾಗ ಇದ್ವಿ. ಮುಂಜಾನೆ ನಾಷ್ಟಾಕ್ಕ ‘ಬಿಸಾರಾ’ ಕೇಳ್ರಿ. ಒಣ ಬಾಕಳಿ ಕಾಳು, ಬಳ್ಳೊಳ್ಳಿ ಹಾಕಿ ಗಟ್ಟಿ ಆಗೂತನಕ ಕುದಿಸಿ, ಮ್ಯಾಲ ಆಲಿವ್ ಎಣ್ಣಿ, ಜೀರಗಿ ಪುಡಿ. ರೊಟ್ಟಿ ಮುರದು ಅದ್ದಿ ತಿನ್ನೂದು. ನನಗ ನಮ್ಮ ಝುಣಕಾನ ನೆನಪಾತು. ‘ಬ್ಲಾ ಲ್‌ಹಮ್’ ಅಂದ್ರ ಮಾಂಸ ಬ್ಯಾಡ ಅಂತ. ಆದ್ರ ಹರೀರಾ ಸೂಪ್ ನಂಬಬ್ಯಾಡ್ರಿ, ಮಾಂಸದ ತುಂಡು ತಗದು ಕೊಟ್ಟು ‘ಇಲ್ಲ’ ಅಂತಾರ.

ಮಂಗಳೂರಿನಿಂದ:
ಫ್ನಿದೆಕ್ ಅಂದರೆ ಪುಟ್ಟ ಛತ್ರ ಅಂತ ಅರ್ಥ. ಒಂದು ರಾತ್ರಿಗಿಂತ ಹೆಚ್ಚು ಉಳಿಯುವಂಥದ್ದು ಏನೂ ಇಲ್ಲ, ಆದರೆ ಆ ಒಂದು ಸಂಜೆ ತಪ್ಪಿಸಬೇಡಿ. ಸಮುದ್ರದ ದಂಡೆಯಲ್ಲಿ ಇಡೀ ಊರು ಸುತ್ತಾಡ್ತದೆ. ಒಂದು ಕಾಲಕ್ಕೆ ಈ ಪೇಟೆ ನಡೆದದ್ದೇ ಸೆಯುಟಾದ ಮಾಲಿನಿಂದ. ತಮ್ಮ ತೂಕಕ್ಕಿಂತ ಭಾರದ ಮೂಟೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೆಂಗಸರು ಗಡಿ ದಾಟಿಸ್ತಿದ್ದರು. 2019ರ ಕೊನೆಗೆ ಅದು ನಿಂತಿತು, 2020ರ ಮಾರ್ಚ್‌ನಲ್ಲಿ ಗಡಿಯೇ ಮುಚ್ಚಿತು, ತೆರೆದದ್ದು 2022ರ ಮೇನಲ್ಲಿ. ಟೀ ಅಂಗಡಿಯವ ತನ್ನ ಪಕ್ಕದ ಬಾಗಿಲು ಹಾಕಿದ ಮಳಿಗೆಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಿದ: ಕಂಬಳಿ, ಬಿಸ್ಕತ್ತು, ಸೋಪು. ಹುಡುಗರು ಗಡಿ ಕಡೆ ನೋಡ್ತಾ ಕೂತಿರ್ತಾರೆ, ಪೊಲೀಸರೂ ಇರ್ತಾರೆ. ನಮಗೇನೂ ತೊಂದರೆ ಆಗಲಿಲ್ಲ.

ಸೆಯುಟಾದಲ್ಲಿ ಸಿಂಧಿ ವ್ಯಾಪಾರಿಗಳಿದ್ದಾರೆ, ಹಿಂದೂ ದೇವಸ್ಥಾನವೂ ಉಂಟು. ಹಡಗು ಹತ್ತುವಾಗ ಪಾಸ್‌ಪೋರ್ಟ್ ಇನ್ನೊಮ್ಮೆ ನೋಡ್ತಾರೆ, ಬ್ಯಾಗಿನ ತಳಕ್ಕೆ ಹಾಕಬೇಡಿ. ಉಳಿದ ದಿರ್ಹಾಮ್ ಫ್ನಿದೆಕ್‌ನಲ್ಲೇ ಯೂರೋ ಮಾಡಿಸಿ.

ಮೈಸೂರಿನಿಂದ, ಮತ್ತೆ:
ಸರ್, ಮುಖ್ಯವಾದದ್ದೇ ಬಿಟ್ಟಿದ್ದೆ. ಮ್ಯಾಡ್ರಿಡ್‌ನಲ್ಲಿ ಇಳಿದಾಗ ಷೆಂಗೆನ್ ವೀಸಾದ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಒಂದು ಪ್ರವೇಶ ಮುಗಿಯಿತು, ಸೆಯುಟಾದಲ್ಲಿ ಕಾಲಿಟ್ಟರೆ ಎರಡನೆಯದು. ಸ್ಟಿಕ್ಕರ್ ಮೇಲೆ ಎಷ್ಟು ಸಲ ಅಂತ ಬರೆದಿದೆ ನೋಡಿ.

ಕೇಳಿದವರು:
ಈಗ ತೆಗೆದು ನೋಡಿದೆ. ನನ್ನದು ‘ಮಲ್ಟ್’, ಅಂದರೆ ಎಷ್ಟು ಸಲ ಬೇಕಾದರೂ; ಅವಳದು ‘01’, ಒಂದೇ ಸಲ. ಒಂದೇ ದಿನ, ಒಂದೇ ಕೌಂಟರಿನಲ್ಲಿ ಕೊಟ್ಟ ಅರ್ಜಿಗಳು! ದೋಹಾ ಮೇಲೆ ನೇರ ಕಾಸಾಬ್ಲಾಂಕಾಗೆ ಹೋಗಿ, ಮ್ಯಾಡ್ರಿಡ್ ಕೊನೆಗೆ ಹಾಕೋಣ ಅಂತ ಟಿಕೆಟ್ ಬದಲಿಸ್ತಿದ್ದೀನಿ. ಬಿಸಾರಾ ವಿಷಯ ಅವಳಿಗೆ ಹೇಳಿದೆ, ಬಾಕಳಿ ಕಾಳು ಅಂದರೆ ಯಾವುದು ಅಂತ ಕೇಳ್ತಿದ್ದಾಳೆ.