ಸಹಾಯ ಬೇಕು: ಹ್ಯಾಲೋವೀನ್‌ಗೆ ಅಂಗಳದಲ್ಲಿ ನೆರಳಿನ ಅಲಂಕಾರ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಓಣಿಯ ಮಕ್ಕಳು ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಆಚರಿಸಲು ಹಟ ಹಿಡಿದಿರುವುದರಿಂದ, ಹಳೆಯ ರಟ್ಟಿನಲ್ಲಿ ಬಾವಲಿ, ಬೆಕ್ಕು, ಮಾಟಗಾತಿಯ ಆಕಾರಗಳನ್ನು ಕತ್ತರಿಸಿ, ಹಿಂದಿನಿಂದ ಬೆಳಕು ಬಿಟ್ಟು, ಎದುರಿನ ಬಿಳಿ ಗೋಡೆಯ ಮೇಲೆ ನೆರಳು ಮೂಡಿಸಬೇಕೆಂದಿದ್ದೇವೆ. ದೀಪವನ್ನು ರಟ್ಟಿನ ಹತ್ತಿರಕ್ಕೆ ತಂದಷ್ಟೂ ನೆರಳು ದೊಡ್ಡದಾಗುತ್ತದೆ. ಆದರೆ ಮನೆಯಲ್ಲಿರುವ 9 ವ್ಯಾಟ್‌ನ ಎಲ್‌ಇಡಿ ಬಲ್ಬಿನ ಬೆಳಕು ಅಗಲವಾದ ಬಿಳಿ ಮುಚ್ಚಳದಿಂದ ಹರಡುವ ಕಾರಣ ಅಂಚುಗಳು ಮಸುಕಾಗಿ, ಬೆಕ್ಕು ಎಮ್ಮೆಯಂತೆ ಕಾಣುತ್ತದೆ. ಒಂದೇ ಎಲ್‌ಇಡಿಯ ಟಾರ್ಚಿನಲ್ಲಿ ಅಂಚು ಸ್ಪಷ್ಟವಾದರೂ ಬೆಳಕು ಸಾಲದು. ಚಿಕ್ಕದಾದರೂ ಪ್ರಖರವಾದ ದೀಪ ಕಡಿಮೆ ಬೆಲೆಗೆ ಇಲ್ಲಿ ಎಲ್ಲಿ ಸಿಗಬಹುದು? ಮಳೆ ಬಂದರೆ ರಟ್ಟು ನೆನೆಯದಂತೆ ಏನು ಹಚ್ಚಬೇಕು? ರಟ್ಟಿನ ಪಕ್ಕದಲ್ಲಿ ಬೆಂಕಿಯ ಭಯವಿರುವುದರಿಂದ ಮೇಣದಬತ್ತಿಯನ್ನು ದಯವಿಟ್ಟು ಸೂಚಿಸಬೇಡಿ.